ಸೊಸೆಯ ಲೈಸೆನ್ಸಿಗೆ ಬಿದ್ದ ಮಚ್ಚೆ

ನಮ್ಮದು ಗಾಜಿನ ಅಂಗಡಿ. ಕಿಟಕಿಯ ಗಾಜು, ಕನ್ನಡಿ, ಅಂಗಡಿಗಳ ಮುಂಗಟ್ಟಿಗೆ ಹಾಕುವ ಆಳೆತ್ತರದ ಗಾಜು, ಎಲ್ಲವನ್ನೂ ಅಳತೆಗೆ ಕತ್ತರಿಸಿ, ವ್ಯಾನಿನ ಪಕ್ಕದಲ್ಲಿರುವ ಓರೆ ಚೌಕಟ್ಟಿಗೆ ಒರಗಿಸಿ, ಪಟ್ಟಿ ಬಿಗಿದು, ಒಯ್ದು ಕೂರಿಸಿ ಬರುವ ಕೆಲಸ. ನಮ್ಮ ಯಜಮಾನರು ಕತ್ತರಿಸುತ್ತಿದ್ದರು, ನಾನು ವ್ಯಾನ್ ಓಡಿಸುತ್ತಿದ್ದೆ. ಅವರು ಹೋದ ಮೇಲೆ ಎರಡೂ ಕೆಲಸ ಮಗನ ಹೆಗಲಿಗೆ ಬಿದ್ದವು. ನನ್ನ ಲೈಸೆನ್ಸನ್ನು ಕಣ್ಣಿನ ಡಾಕ್ಟರು ಇಸಿದುಕೊಂಡರು. ಎದುರಿಗಿರುವುದು ನನಗೆ ಚೆನ್ನಾಗಿಯೇ ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಪಕ್ಕದಿಂದ ಬರುವವರು ಅದನ್ನು ತಿಳಿದುಕೊಂಡು ಬರುವುದಿಲ್ಲವಲ್ಲ. ಅದಕ್ಕೆ ನಾನು ತಕರಾರು ಮಾಡಲಿಲ್ಲ.

ಕಣ್ಣು ಕೈಕೊಡುವ ಮೊದಲು ಸೊಸೆಗೆ ಓಡಿಸುವುದನ್ನು ಕಲಿಸಿದ್ದೆ. ಕಲಿಸಿದ್ದು ನಾನು ಕಲಿತ ಹಾಗೆಯೇ. ಉಳಿಕೆ ಗಾಜಿನ ಒಂದು ಹಾಳೆಯನ್ನು ಚೌಕಟ್ಟಿಗೆ ಒರಗಿಸಿ ಪಟ್ಟಿಯನ್ನು ಸ್ವಲ್ಪ ಸಡಿಲ ಬಿಡುವುದು. ಬ್ರೇಕ್ ಒರಟಾಗಿ ಬಿದ್ದರೆ, ತಿರುವಿನಲ್ಲಿ ಅವಸರ ಮಾಡಿದರೆ, ಗಾಜು ಹಿಂದಿನಿಂದ ಟಣ್ ಎನ್ನುತ್ತದೆ. ಆಗ ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಮೊದಲ ವಾರ ಅವಳು ಒಂದು ಹಾಳೆಯನ್ನು ಪುಡಿ ಮಾಡಿದಳು, ಗಾಡಿ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಇಟ್ಟು ಅತ್ತಳು. ಬರಬರುತ್ತಾ ಮಾರುಕಟ್ಟೆಯ ಇಳಿಜಾರಿನಲ್ಲಿ ಇಳಿದು, ಉಬ್ಬು ದಾಟಿ, ಮೂರು ರಸ್ತೆ ಸೇರುವಲ್ಲಿ ನಿಂತು ಹೊರಟರೂ ಹಿಂದೆ ಗಾಜಿದೆಯೋ ಇಲ್ಲವೋ ಎಂದು ನನಗೇ ಅನುಮಾನ ಬರುವಂತೆ ಓಡಿಸತೊಡಗಿದಳು. ಮಗನಿಗೆ ಈ ವಿದ್ಯೆ ಕಡೆಗೂ ಹತ್ತಲಿಲ್ಲ. ಬೀದಿಯವರು ಅವನಿಗೆ ಗಡಿಬಿಡಿ ಎಂದು ಹೆಸರಿಟ್ಟಿದ್ದಾರೆ. ಒಳ್ಳೆಯವನೇ, ಯಾರಿಗೂ ಇಲ್ಲ ಎನ್ನಲಾರ. ಎಲ್ಲರಿಗೂ ಈಗಲೇ ಬಂದೆ ಎನ್ನುತ್ತಾನೆ, ಆಮೇಲೆ ಆ ಮಾತು ಉಳಿಸಿಕೊಳ್ಳಲು ಓಡುತ್ತಾನೆ.

ಸೊಸೆ ದುಡಿಯುತ್ತಿದ್ದದ್ದು ನಮ್ಮ ಅಂಗಡಿಯಲ್ಲಲ್ಲ. ನಡೆಯಲಾರದ ಮಕ್ಕಳ ಶಾಲೆಯೊಂದಿದೆ, ಅದರ ವ್ಯಾನಿನಲ್ಲಿ ಅವಳು ಆಯಾ. ಮಕ್ಕಳನ್ನು ಮನೆ ಬಾಗಿಲಿನಿಂದ ಎತ್ತಿ ಕೂರಿಸಿ, ಬೆಲ್ಟ್ ಹಾಕಿ, ಗಾಲಿಕುರ್ಚಿ ಮಡಚಿಟ್ಟು, ಸಂಜೆ ಮತ್ತೆ ಇಳಿಸಿ ಬರುವುದು. ಅಲ್ಲಿನ ಹಳೆಯ ಡ್ರೈವರಿಗೆ ವಯಸ್ಸಾಗಿತ್ತು, ಬೇಸಿಗೆ ರಜೆಯ ನಂತರ ತಾನು ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದ. ಶಾಲೆಯ ಹೆಡ್‌ಮೇಡಂ ಸೊಸೆಯನ್ನು ಕರೆದು, "ನಿನ್ನ ಪೂರ್ತಿ ಲೈಸೆನ್ಸ್ ಬಂದ ದಿನ ಬೀಗದ ಕೈ ನಿಂಗೇ ಕೊಡ್ತೀನಿ. ಮಕ್ಕಳು ನಿನ್ನ ಹತ್ರ ಹೆದರಲ್ಲ," ಎಂದಿದ್ದರು. ಅವತ್ತು ಸಂಜೆ ಅವಳು ಮನೆಗೆ ಬಂದವಳು ನೇರ ಅಡಿಗೆಮನೆಗೆ ಹೋಗಿ, ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟು ಉರಿ ಹಚ್ಚಿ ನಿಂತಿದ್ದಳು.

"ಏನಮ್ಮಾ, ಗಾಳಿ ಬೇಯಿಸ್ತಿದ್ದೀಯಾ?" ಎಂದೆ.

"ಅತ್ತೆ, ನಾನು ಮುಂದಿನ ಸೀಟಲ್ಲಿ ಕೂರ್ತೀನಿ," ಎಂದಳು. ಅಷ್ಟೇ ಹೇಳಿದಳು.

ಪೂರ್ತಿ ಲೈಸೆನ್ಸ್ ಎಂದರೆ ಏನೆಂದು ಹೇಳಬೇಕು. ಈಗ ಪರೀಕ್ಷೆ ಪಾಸಾದ ಕೂಡಲೇ ಅದನ್ನು ಕೊಡುವುದಿಲ್ಲ. ಮೊದಲು ತಾತ್ಕಾಲಿಕದ್ದು ಕೊಡುತ್ತಾರೆ. ಗಾಡಿಯ ಹಿಂದೆ ಹಸಿರು ಬಿಲ್ಲೆ ಅಂಟಿಸಿಕೊಂಡು ಎರಡು ವರ್ಷ ಓಡಿಸಿ ತೋರಿಸಬೇಕು. ಆ ಅವಧಿಯಲ್ಲಿ ಶಾಲೆಯ ಗಾಡಿ, ಬಾಡಿಗೆ ಗಾಡಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ಸೊಸೆಗೆ ಆ ಎರಡು ವರ್ಷ ಮುಗಿಯಲು ಒಂದು ಚಳಿಗಾಲವಷ್ಟೇ ಬಾಕಿಯಿತ್ತು. ಇನ್ನು ತಪ್ಪು ಮಾಡಿ ಸಿಕ್ಕಿಬಿದ್ದರೆ ಲೈಸೆನ್ಸಿಗೆ ಅಂಕ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ಮಚ್ಚೆ ಎನ್ನುತ್ತೇವೆ. ಮಗನ ಲೈಸೆನ್ಸಿನ ತುಂಬ ಮಚ್ಚೆಗಳಿದ್ದವು. ಸೊಸೆಯದು ತೊಳೆದಿಟ್ಟ ಗಾಜಿನ ಹಾಗಿತ್ತು.

ಆ ದಿನ ಔಷಧಿ ಅಂಗಡಿಯೊಂದರ ಮುಂಗಟ್ಟಿನ ಗಾಜು ಒಡೆದಿತ್ತು. ಬಾಗಿಲು ಹಾಕಲಾಗದೆ ಅಂಗಡಿಯವನು ಹೊರಗೆ ನಿಂತು ಕಾಯುತ್ತಿದ್ದ. ಮಗ ಎಂದಿನಂತೆ ಈಗಲೇ ಬಂದೆ ಎಂದ. ಗಾಜು ಕೂರಿಸಿ ಖಾಲಿ ವ್ಯಾನಿನಲ್ಲಿ ಬರುವಾಗ ಇನ್ನೊಬ್ಬರಿಗೂ ಈಗಲೇ ಬಂದೆ ಎಂದಿದ್ದನಂತೆ. ಸೇತುವೆಯ ಹತ್ತಿರ ವೇಗ ಹಿಡಿಯುವ ಕ್ಯಾಮೆರಾ ಇದೆಯೆಂದು ಊರಿಗೆಲ್ಲ ಗೊತ್ತು, ಅವನಿಗೂ ಗೊತ್ತು. ಕೆಲವು ದಿನ ಬಿಟ್ಟು ನೋಟೀಸು ಬಂತು. ಒಳಗೊಂದು ಫೋಟೋ, ನಮ್ಮ ವ್ಯಾನಿನ ಬೆನ್ನು, ನಂಬರು. ಓಡಿಸುತ್ತಿದ್ದವರ ತಲೆಯ ಕೂದಲೂ ಕಾಣುತ್ತಿರಲಿಲ್ಲ. ಗಾಡಿ ಓಡಿಸಿದವರು ಯಾರು ಎಂದು ಬರೆದು ಸಹಿ ಮಾಡಿ ಕಳಿಸಿ ಎಂದಿತ್ತು.

ಗಾಜು ಕತ್ತರಿಸುವ ಮೇಜಿನ ಸುತ್ತ ಕೂತೆವು. ಪಕ್ಕದ ಅಂಗಡಿಯ ಬೀಗ ರಿಪೇರಿಯವನೂ ಇದ್ದ. ನಮ್ಮ ಮನೆಯ ವಿಷಯ ನಮಗಿಂತ ಮೊದಲು ಅವನಿಗೆ ತಿಳಿಯುತ್ತದೆ.

"ಇದು ಬಿದ್ರೆ ನಂದು ಮೂರು ತಿಂಗಳು ಸಸ್ಪೆಂಡು," ಎಂದ ಮಗ. "ಮೂರು ತಿಂಗಳು ಗಾಜನ್ನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ?"

"ಹೊತ್ಕೊಂಡ್ರೂ ನೀನು ಓಡೇ ಓಡ್ತೀಯ," ಎಂದ ಬೀಗದವನು. "ಅದನ್ನೂ ಕ್ಯಾಮೆರಾ ಹಿಡಿಯುತ್ತೆ."

"ನಿಮ್ಗೇನು, ಕೂತಲ್ಲೇ ಕೆಲಸ. ಬೀಗ ಕಿತ್ಕೊಂಡು ಜನಾನೇ ಬರ್ತಾರೆ."

"ಬಾಗಿಲು ಕಿತ್ಕೊಂಡೂ ಬಂದಿದ್ದಾರೆ ಮಾರಾಯ. ನಗೋದಲ್ಲ, ಈಗೇನು ಮಾಡ್ತೀಯ ಹೇಳು. ನಿಮ್ಮಮ್ಮನ ಹೆಸರು ಹಾಕೋಕೆ ಅವರ ಲೈಸೆನ್ಸೇ ಇಲ್ಲ."

ಸೊಸೆ ಮೇಜಿನ ಮೇಲಿದ್ದ ಗಾಜಿನ ಚೂರುಗಳನ್ನು ಕುಂಚದಿಂದ ಒಂದೆಡೆ ಕೂಡಿಸುತ್ತಿದ್ದಳು. ತಲೆ ಎತ್ತದೆ, "ನಂದರಲ್ಲಿ ಒಂದೂ ಇಲ್ಲ. ನನ್ನ ಹೆಸರು ಬರೀರಿ," ಎಂದಳು.

"ಏ, ಬೇಡ ಕಣೇ," ಎಂದ ಮಗ. ಆದರೆ ಅವನ ಮುಖ ಆಗಲೇ ಹಗುರಾಗಿತ್ತು.

"ನಿನ್ನ ಶಾಲೆಯವರು ಏನಾದ್ರೂ ಅಂದಾರಾ?" ಎಂದು ಕೇಳಿದೆ.

"ಒಂದು ಮಚ್ಚೆಗೆ ಏನಂತಾರೆ ಅತ್ತೆ? ಹಳೇ ಡ್ರೈವರ್ ತಾತನ ಹತ್ರಾನೇ ಎರಡಿದಾವೆ. ಅವನೇ ಹೇಳ್ಕೊಂಡು ನಗ್ತಾನೆ."

ನಮ್ಮ ಕಸುಬಿನವರ ತಲೆ ಒಂದೇ ದಾರಿಯಲ್ಲಿ ಓಡುತ್ತದೆ. ಗೀರು ಬಿದ್ದ ಗಾಜಿಗೆ ಇನ್ನೊಂದು ಪೆಟ್ಟು ಕೊಡುವಂತಿಲ್ಲ, ಗೀರಿನ ಉದ್ದಕ್ಕೂ ಸೀಳಿಹೋಗುತ್ತದೆ. ಗೀರಿಲ್ಲದ ಹೊಸ ಗಾಜು ಚಿಕ್ಕಪುಟ್ಟ ಪೆಟ್ಟನ್ನು ತಡೆದುಕೊಳ್ಳುತ್ತದೆ. ಅದಕ್ಕೇ ಹಳೆಯದನ್ನು ಒಳಗಿಟ್ಟು ಹೊಸದನ್ನು ಹೊರಗೆ ನಿಲ್ಲಿಸುತ್ತೇವೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೈಗೇ ಗೊತ್ತು. ಮೇಜಿನ ಸುತ್ತ ಕೂತ ನಾಲ್ವರಿಗೂ ಅವಳ ಮಾತು ನ್ಯಾಯವಾಗಿಯೇ ಕಂಡಿತು. ಬೀಗದವನು ಕೂಡ, "ಸರಿ ಕಣಮ್ಮ, ಬಿಳೀ ಬಟ್ಟೆಗೆ ಒಂದು ಚುಕ್ಕೆ," ಎಂದ. ಅವಳು ಬರೆದು ಸಹಿ ಮಾಡಿದಳು. ಆಮೇಲೆ ಗಂಡನ ಕಡೆ ನೋಡಿ, "ಇನ್ಮೇಲೆ ನೀವು ನನ್ನ ಮಾತು ಕೇಳ್ಬೇಕು. ನಿಮಗೋಸ್ಕರ ಮುಖಕ್ಕೆ ಮಚ್ಚೆ ಹಾಕಿಸ್ಕೊಂಡಿದ್ದೀನಿ," ಎಂದು ನಕ್ಕಳು. ಎಲ್ಲರೂ ನಕ್ಕೆವು.

ಎರಡನೆಯ ಪತ್ರ ಬಂದಾಗ ಮಗ ಹೊರಗೆ ಹೋಗಿದ್ದ. ಸೊಸೆ ನಿಂತುಕೊಂಡೇ ಓದಿದಳು. ನನಗೆ ಓದು ಅಷ್ಟಕ್ಕಷ್ಟೆ, ಅಕ್ಷರ ಕೂಡಿಸಿಕೊಂಡು ಹೋಗುವಷ್ಟರಲ್ಲಿ ಅರ್ಥ ಹಿಂದೆ ಉಳಿದುಬಿಡುತ್ತದೆ. ಅವಳ ಮುಖವನ್ನೇ ಓದಿದೆ. ಅವಳು ಕಾಗದ ತಿರುಗಿಸಿ ಹಿಂಬದಿ ನೋಡಿದಳು, ಖಾಲಿಯಿತ್ತು. ಮತ್ತೆ ಮುಂಬದಿ ನೋಡಿದಳು.

"ರದ್ದು ಅಂತಿದೆ ಅತ್ತೆ," ಎಂದಳು.

"ಎಷ್ಟು ದಿನಕ್ಕೆ?"

"ದಿನಕ್ಕಲ್ಲ. ರದ್ದೇ. ತಾತ್ಕಾಲಿಕದಲ್ಲಿರೋವಾಗ ಇಷ್ಟು ಜೋರಾಗಿ ಓಡಿಸಿದ್ರೆ ಮಚ್ಚೆ ಗಿಚ್ಚೆ ಹಾಕಲ್ವಂತೆ. ಲೈಸೆನ್ಸೇ ತೆಗೀತಾರಂತೆ. ಮೊದಲಿಂದ ಕಲಿಯೋರ ಸಾಲಿಗೆ ನಿಲ್ಬೇಕಂತೆ. ಮತ್ತೆ ಪರೀಕ್ಷೆ. ಮತ್ತೆ ಎರಡು ವರ್ಷ."

ಅವಳು ಕಾಗದವನ್ನು ಮಡಚಿ ಮೇಜಿನ ಮೇಲಿಟ್ಟಳು. ಗಾಜಿನ ಮೇಲಿನ ಚೀಟಿ ಕೆರೆಯುವ ಅಲಗನ್ನು ತೆಗೆದುಕೊಂಡು ಹೊರಗೆ ಹೋಗಿ, ವ್ಯಾನ್ ಬರುವವರೆಗೂ ಬಾಗಿಲಲ್ಲೇ ನಿಂತಿದ್ದಳು. ಮಗ ಬಂದು ಇಳಿದ ಮೇಲೆ ವ್ಯಾನಿನ ಹಿಂದೆ ಹೋಗಿ ಹಸಿರು ಬಿಲ್ಲೆಯನ್ನು ಕೆರೆದು ತೆಗೆಯತೊಡಗಿದಳು. "ಏನೇ ಮಾಡ್ತಿದ್ದೀಯ, ಬಣ್ಣ ಹೋಗುತ್ತೆ," ಎಂದು ಅವನು ಕೂಗಿದ. ಆಮೇಲೆ ಅವಳ ಮುಖ ನೋಡಿ, ಒಳಗೆ ಬಂದು ಮೇಜಿನ ಮೇಲಿದ್ದ ಕಾಗದ ಬಿಡಿಸಿದ.

ಮರುದಿನ ಮೂವರೂ ಲೈಸೆನ್ಸ್ ಕಚೇರಿಗೆ ಹೋದೆವು. ಉದ್ದನೆಯ ಕೋಣೆ, ನೆಲಕ್ಕೆ ಕಚ್ಚಿಸಿದ ಕುರ್ಚಿಗಳ ಸಾಲು, ಗೋಡೆಯಲ್ಲಿ ನಂಬರು ತೋರಿಸುವ ಹಲಗೆ. ಕೌಂಟರಿನ ಗಾಜು ದಪ್ಪದ್ದು, ಮಾತು ಹೋಗಲು ಅದಕ್ಕೊಂದು ತೂತು. ತೂತು ಕೊರೆದವನು ಅಂಚನ್ನು ಸರಿಯಾಗಿ ಉಜ್ಜಿರಲಿಲ್ಲ. ನಮ್ಮ ನಂಬರು ಬಂತು. ಗಾಜಿನ ಆಚೆಗಿದ್ದ ಹೆಂಗಸು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಪತ್ರ ನೋಡಿದಳು. ಸಿಡುಕುವವಳಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

"ಇದರಲ್ಲಿ ನಂದೇನೂ ನಡೆಯಲ್ಲಮ್ಮ," ಎಂದಳು ಸೊಸೆಗೆ. "ಪೂರ್ತಿ ಲೈಸೆನ್ಸ್ ಇದ್ದೋರಿಗೆ ಅಂಕ ಹಾಕಿ, ಜಾಸ್ತಿಯಾದ್ರೆ ಅಮಾನತು ಮಾಡ್ತೀವಿ. ಅಮಾನತು ಅಂದ್ರೆ ತಿಂಗಳು ಕಳೆದ್ರೆ ತಾನಾಗೇ ವಾಪಸ್ ಬರುತ್ತೆ. ತಾತ್ಕಾಲಿಕದೋರಿಗೆ ಹಂಗಲ್ಲ. ನೀವಿನ್ನೂ ಪರೀಕ್ಷೇಲಿ ಇದ್ದೀರಿ ಅಂತ ಲೆಕ್ಕ."

"ಒಂದೇ ಸಲ ಆಗಿದ್ದು ಮೇಡಂ," ಎಂದಳು ಸೊಸೆ.

"ಒಂದೇ ಸಲ ಸಾಕು."

ನಾನು ತೂತಿನ ಹತ್ತಿರ ಬಾಯಿ ತಂದೆ. "ತಾಯೀ, ಸುಮ್ನೆ ಕೇಳ್ತೀನಿ. ಓಡಿಸಿದ್ದು ಇವಳಲ್ಲ ಅಂತ ಯಾರಾದ್ರೂ ಬಂದು ಹೇಳಿದ್ರೆ?"

ಆ ಹೆಂಗಸು ಕನ್ನಡಕ ಇಳಿಸಿ ನನ್ನನ್ನು ನೋಡಿದಳು, ಆಮೇಲೆ ಮಗನನ್ನು ನೋಡಿದಳು. ದನಿ ತಗ್ಗಿಸಿ, "ಅಮ್ಮಾ, ನೀವು ಕೇಳಿದ್ದು ನಂಗೆ ಕೇಳಿಸ್ಲಿಲ್ಲ ಅಂತ ಇಟ್ಕೊಳಿ," ಎಂದಳು. "ಹಂಗೆ ಯಾರಾದ್ರೂ ಹೇಳಿದ್ರೆ ಅದು ನಮ್ಮ ಕಚೇರೀಲಿ ನಿಲ್ಲಲ್ಲ, ಕೋರ್ಟಿಗೆ ಹೋಗುತ್ತೆ. ಸುಳ್ಳು ಸಹಿ ಮಾಡಿದೋರ ಮೇಲೂ ಕೇಸು, ಮಾಡಿಸಿದೋರ ಮೇಲೂ ಕೇಸು. ಆಮೇಲೆ ಆ ಹೆಸರು ಅಳಿಸೋಕಾಗಲ್ಲ. ಇವರು ಎಲ್ಲಿ ಕೆಲಸ ಮಾಡೋದು?"

"ಮಕ್ಕಳ ಶಾಲೇಲಿ," ಎಂದೆ.

"ಹಂಗಾದ್ರೆ ಡ್ರೈವರ್ ಕೆಲಸ ಬಿಡಿ, ಶಾಲೆ ಗೇಟಿನ ಒಳಗೂ ಬಿಡಲ್ಲ. ಮುಂದಿನ ನಂಬರ್."

ಮಗ ಬಾಯಿ ತೆರೆದಿದ್ದ. ಸೊಸೆ ಅವನ ಮಣಿಕಟ್ಟು ಹಿಡಿದುಕೊಂಡಳು. ಗಾಜು ಹಿಡಿದು ಹಿಡಿದು ಗಟ್ಟಿಯಾದ ಅವನ ಕೈ ಅದು, ಅವಳು ಹಿಡಿದ ಹಿಡಿತಕ್ಕೆ ಬಿಳಿಚಿಕೊಂಡಿತು.

ಕಚೇರಿಯ ಮೆಟ್ಟಿಲ ಮೇಲೆ ಬಂದ ಮೇಲೆ ಅವನು ಕೈ ಬಿಡಿಸಿಕೊಂಡ.

"ನಾನು ವಾಪಸ್ ಹೋಗಿ ಹೇಳ್ತೀನಿ. ಏನಾಗುತ್ತೋ ಆಗ್ಲಿ."

"ಏನಾಗುತ್ತೆ ಅಂತ ಈಗ್ತಾನೆ ಹೇಳಿದ್ರಲ್ಲ. ನಿಮಗೆ ಎದೆ ಹಗುರ ಆಗುತ್ತೆ, ನಂಗೆ ಆಯಾ ಕೆಲಸಾನೂ ಹೋಗುತ್ತೆ. ಹೋಗಿ, ಹೇಳಿ."

"ಹಂಗಲ್ಲ ಕಣೇ..."

"ಮತ್ತೆ ಹೆಂಗೆ?"

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಕಚೇರಿಗೆ ಹೋಗುವವರು ಅವನನ್ನು ಬಳಸಿಕೊಂಡು ಹೋಗುತ್ತಿದ್ದರು. "ನಂದು ತಾನಾಗೇ ವಾಪಸ್ ಬರ್ತಿತ್ತು. ಕೂಲಿಗೆ ಡ್ರೈವರ್ ಇಟ್ಕೊಂಡು ಹೆಂಗೋ ನಡೆಸ್ತಿದ್ದೆ. ಮೂರೇ ತಿಂಗಳು," ಎಂದ. ಯಾರಿಗೆ ಹೇಳುತ್ತಿದ್ದಾನೆಂದು ಅವನಿಗೇ ಗೊತ್ತಿರಲಿಲ್ಲ. ನಾನು ಅವನ ತಲೆ ಮುಟ್ಟಲು ಹೋದೆ, ಕೈ ಹಿಂದಕ್ಕೆ ತೆಗೆದುಕೊಂಡೆ. ಮಗನನ್ನು ಸಮಾಧಾನ ಮಾಡಿದರೆ ಸೊಸೆಗೆ ಏನೆನಿಸೀತು? ಎಷ್ಟೋ ವರ್ಷಗಳ ಹಿಂದೆ ಯಾವ ಮನೆಯ ಯಾವ ಕಿಟಕಿಗೆ ಎಷ್ಟು ಅಗಲದ ಗಾಜು ಹಾಕಿದೆವು ಎಂದು ಈಗಲೂ ಹೇಳಬಲ್ಲೆ. ಆ ಮೆಟ್ಟಿಲ ಮೇಲೆ ಸೊಸೆಗೆ ಹೇಳಲು ಒಂದು ಮಾತೂ ಹೊಳೆಯಲಿಲ್ಲ.

ಶಾಲೆಗೆ ಹೇಳದೆ ಇರುವಂತಿರಲಿಲ್ಲ. ಸೊಸೆ ಒಬ್ಬಳೇ ಹೋದಳು. ಅಲ್ಲಿ ನಡೆದದ್ದನ್ನು ಸಂಜೆ ಗಾಜು ಒರೆಸುತ್ತಾ ನನಗೆ ಹೇಳಿದಳು.

"ಮೇಡಂ ನಂಬ್ಲೇ ಇಲ್ಲ ಅತ್ತೆ. 'ನೀನಾ? ನೀನು ಇಷ್ಟು ಜೋರಾಗಿ ಓಡಿಸಿದ್ಯಾ?' ಅಂತ ಎರಡು ಸಲ ಕೇಳಿದ್ರು."

"ನೀನೇನಂದೆ?"

"ಹೌದು ಮೇಡಂ ಅಂದೆ. ಯಾಕೆ ಅಂತ ಕೇಳಿದ್ರು. ಯಾಕೆ ಅಂತ ಏನ್ ಹೇಳ್ಲಿ? ಅವಸರ ಇತ್ತು ಅಂದೆ." ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಅದಕ್ಕೆ ಅವರು ಒಳ್ಳೇದಾಯ್ತು ಈಗ್ಲೇ ಗೊತ್ತಾಗಿದ್ದು ಅಂದ್ರು. ಬೈಲಿಲ್ಲ. ಮಕ್ಕಳು ಕಾಯೋಕಾಗಲ್ಲ, ಬೇರೆ ಡ್ರೈವರ್ ನೋಡ್ತೀನಿ ಅಂದ್ರು. ಆಯಾ ಕೆಲಸ ಮಾತ್ರ ಇರ್ಲಿ ಅಂದ್ರು."

"ನಮ್ಮ ಮನೆ ಹಣೆಬರಹ," ಎಂದೆ.

"ಹಣೆಬರಹ ಅಲ್ಲ ಅತ್ತೆ, ನಂದೇ ಬರಹ," ಎಂದು ಸಹಿ ಮಾಡಿದ ಕೈಯನ್ನು ಎತ್ತಿ ತೋರಿಸಿದಳು. ನಗಿಸಲೆಂದು ಹೇಳಿದ್ದಳು. ನನಗೆ ನಗು ಬರಲಿಲ್ಲ.

ಮೊದಲಿನಿಂದ ಕಲಿಯುವವರ ಕಾಗದವನ್ನೂ ತಂದಳು. ಕಲಿಯುವವರ ಪಕ್ಕದಲ್ಲಿ ಪೂರ್ತಿ ಲೈಸೆನ್ಸ್ ಇರುವವರೊಬ್ಬರು ಕೂತಿರಬೇಕು. ನಾನು ಕೂರುವಂತಿಲ್ಲ, ನನಗೆ ಲೈಸೆನ್ಸಿಲ್ಲ. ಮಗ ಕೂರುವಂತಿಲ್ಲ, ಮಚ್ಚೆ ಅಷ್ಟಿರುವವರು ಕಲಿಸುವಂತಿಲ್ಲವಂತೆ. ಬೀಗದವನು ಬರುತ್ತೇನೆಂದು ಎದೆ ತಟ್ಟಿಕೊಂಡ, ಅವನ ಲೈಸೆನ್ಸು ಸ್ಕೂಟರಿನದು. "ನಾನು ಸ್ಕೂಟರ್ ಮೇಲೆ ಪಕ್ಕದಲ್ಲೇ ಬರ್ತೀನಿ, ಅದೂ ಪಕ್ಕಾನೇ ಅಲ್ವಾ?" ಎಂದ. ಗಾಜಿನಲ್ಲೋ ಬೀಗದಲ್ಲೋ ಕಣ್ಣು ಮುಚ್ಚಿ ಬೆರಳಾಡಿಸಬಲ್ಲ ಮೂವರು ಇದ್ದೇವೆ, ಅವಳ ಪಕ್ಕದ ಸೀಟಿನಲ್ಲಿ ಕೂರುವುದು ನಮ್ಮಲ್ಲಿ ಯಾರಿಂದಲೂ ಆಗಲಿಲ್ಲ. ಕಲಿಸುವ ಶಾಲೆಗಳಿವೆ, ಅಲ್ಲಿ ಹೆಸರು ಬರೆಸಿದ್ದಾಳೆ. ಸಾಲು ಉದ್ದವಿದೆ, ಕರೆದಾಗ ಹೋಗಬೇಕು.

ಮಗ ಈಗ ಮೆಲ್ಲಗೆ ಓಡಿಸುತ್ತಾನೆ. ಹಿಂದೆ ಬರುವ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತವೆ. ಫೋನ್ ಬಂದರೆ ಯಾವಾಗ ಬರುತ್ತೇನೋ ಹೇಳಲಾರೆ ಎನ್ನುತ್ತಾನೆ. ಬೀದಿಯವರು ಇನ್ನೂ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಾರೆ, ಅವನು ತಿರುಗಿ ನೋಡುವುದಿಲ್ಲ. ಹೆಂಡತಿಗೆ ಕುಡಿಯಲು ನೀರು ತಂದುಕೊಡುತ್ತಾನೆ. ಅವಳು ಕುಡಿಯುತ್ತಾಳೆ.

ರಜೆ ಮುಗಿದು ಶಾಲೆ ಶುರುವಾಯಿತು. ಹೊಸ ಡ್ರೈವರ್ ಬಂದ. ಒಂದು ಬೆಳಿಗ್ಗೆ ನನಗೆ ಕಣ್ಣಿನ ಆಸ್ಪತ್ರೆಗೆ ಹೋಗಬೇಕಿತ್ತು. ದಾರಿಯಲ್ಲೇ ಆಸ್ಪತ್ರೆ ಇರುವುದರಿಂದ ಹೆಡ್‌ಮೇಡಂ ಅವರ ಒಪ್ಪಿಗೆ ಕೇಳಿ ಸೊಸೆ ನನ್ನನ್ನೂ ಶಾಲೆಯ ವ್ಯಾನಿಗೆ ಹತ್ತಿಸಿಕೊಂಡಳು. ಡ್ರೈವರ್ ಇಳಿದು ಬಂದು ಕೈ ಹಿಡಿದು ಹತ್ತಿಸಿದ. "ನಿಧಾನ ಅಜ್ಜಿ," ಎಂದ. ಒಳ್ಳೆಯ ಹುಡುಗ. ಕೆಟ್ಟವನಾಗಿದ್ದರೆ ಬೈದುಕೊಳ್ಳುವುದಕ್ಕಾದರೂ ಒಂದು ದಾರಿ ಇರುತ್ತಿತ್ತು.

ಸೊಸೆ ಹಿಂದಿನ ಸೀಟಿನಲ್ಲಿ, ನನ್ನ ಪಕ್ಕ ಕೂತಳು. ಅವನಿಗೆ ದಾರಿ ಇನ್ನೂ ಗೊತ್ತಿರಲಿಲ್ಲ.

"ಅಕ್ಕಾ, ಇಲ್ಲಿ ಎಡಕ್ಕಾ, ನೇರಕ್ಕಾ?"

"ಎಡಕ್ಕೆ. ಎರಡನೇ ಗೇಟು. ಆ ಮಗೂಗೆ ಹಾರ್ನ್ ಆಗಲ್ಲ, ಹೊಡೀಬೇಡ. ನಾನೇ ಇಳಿದು ಕರೀತೀನಿ."

ಅವಳು ಇಳಿದು ಒಂದು ಹುಡುಗಿಯನ್ನು ಎತ್ತಿಕೊಂಡು ಬಂದಳು, ಕೂರಿಸಿ ಬೆಲ್ಟ್ ಹಾಕಿದಳು. ಹುಡುಗಿ ಕತ್ತನ್ನು ಪ್ರಯಾಸದಿಂದ ತಿರುಗಿಸಿ ಮುಂದಿನ ಸೀಟನ್ನು ನೋಡಿ, "ಆಂಟಿ, ನೀವು ಓಡಿಸ್ತೀನಿ ಅಂದಿದ್ರಲ್ಲ?" ಎಂದಳು.

"ನಾನು ತುಂಬಾ ಜೋರಾಗಿ ಓಡಿಸ್ತೀನಂತೆ ಪುಟ್ಟಿ. ಅದಕ್ಕೆ ಬೇಡ ಅಂದ್ರು."

ಮಕ್ಕಳಿಗೆ ಅದು ಭಾರಿ ಖುಷಿಯಾಯಿತು. "ಜೋರಾಗಿ! ಜೋರಾಗಿ!" ಎಂದು ಕೂಗತೊಡಗಿದರು. ಡ್ರೈವರೂ ಕನ್ನಡಿಯಲ್ಲಿ ನೋಡಿ ನಕ್ಕ. ಸೊಸೆಯೂ ನಕ್ಕಳು.

ಮಾರುಕಟ್ಟೆಯ ಇಳಿಜಾರು ಬಂತು. ಅಲ್ಲಿ ಮೊದಲೇ ವೇಗ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಉಬ್ಬಿನ ಮೇಲೆ ಗಾಡಿ ಎತ್ತಿಹಾಕುತ್ತದೆ. ಹುಡುಗ ಇನ್ನೂ ಇಳಿಸಿರಲಿಲ್ಲ. ಹೇಳೋಣವೆಂದುಕೊಳ್ಳುವಷ್ಟರಲ್ಲಿ ನನ್ನ ಬಲಗಾಲು ತಾನಾಗಿ ಚಾಚಿ ನೆಲವನ್ನು ಒತ್ತಿ ಹಿಡಿಯಿತು. ಅಲ್ಲಿ ಬ್ರೇಕ್ ಎಲ್ಲಿಂದ ಬರಬೇಕು, ರಬ್ಬರಿನ ಹಾಸಿತ್ತು. ನಾಚಿಕೆಯಾಗಿ ಕೆಳಗೆ ನೋಡಿದೆ. ನನ್ನ ಕಾಲಿನ ಪಕ್ಕದಲ್ಲೇ ಸೊಸೆಯ ಕಾಲು, ಬೆರಳುಗಳು ಬಿಳುಪೇರುವಂತೆ ಅದೇ ಹಾಸನ್ನು ಒತ್ತಿಕೊಂಡಿತ್ತು. ಅವಳ ಒಂದು ಕೈ ಹುಡುಗಿಯ ಕತ್ತಿನ ಹಿಂದಿತ್ತು. ವ್ಯಾನ್ ಉಬ್ಬನ್ನು ಹಾಗೆಯೇ ಹಾರಿಕೊಂಡು ಹೋಯಿತು, ಮಕ್ಕಳು ಹೋ ಎಂದರು.